ಬೋಲ್‌ನ ಬಂಡೆ ಮೇಲೆ ಬರಿಗಾಲಲ್ಲಿ

ಮಲ್ಪೆಯಲ್ಲಿ ಬೆಳೆದವನಿಗೆ ಕಡಲು ಅಂದರೆ ಮರಳು. ಚಪ್ಪಲಿ ಕೈಯಲ್ಲಿ ಹಿಡಿದು ನಡೆಯುವ ಜಾಗ. ಅದೇ ಅಭ್ಯಾಸ ಕ್ರೊಯೇಷಿಯಾದಲ್ಲಿ ಕೈಕೊಟ್ಟಿತು.

ಜೂನ್ ತಿಂಗಳು. ಮ್ಯೂನಿಕ್‌ನಲ್ಲಿರುವ ಗೆಳೆಯನ ಜೊತೆ ಸ್ಪ್ಲಿಟ್‌ಗೆ ಹೋಗಿದ್ದೆ. ಆ ಊರಿನ ನಡುಭಾಗ ಅಂದರೆ ರೋಮ್ ಚಕ್ರವರ್ತಿ ಡಯೊಕ್ಲೀಷಿಯನ್‌ನ ಅರಮನೆಯೇ. 1,700 ವರ್ಷದ ಗೋಡೆಗಳ ನಡುವೆ ಜನ ಇವತ್ತಿಗೂ ಬಟ್ಟೆ ಒಣಗಿಸುತ್ತಾರೆ. ಬೆಳಿಗ್ಗೆ ಫೆರ್ರಿ ಹತ್ತಿ ಬ್ರಾಚ್ ದ್ವೀಪಕ್ಕೆ ಹೊರಟೆವು. 50 ನಿಮಿಷದ ದಾರಿ. ಎತ್ತ ನೋಡಿದರೂ ದ್ವೀಪ, ಎಲ್ಲವೂ ದಡದ ಉದ್ದಕ್ಕೇ ಸಾಲಾಗಿ ಮಲಗಿವೆ. ನಿಜಕ್ಕೂ ಅವು ಗುಡ್ಡಗಳ ತಲೆಗಳು. ಹಿಮಯುಗ ಮುಗಿದು ಸಮುದ್ರ ಏರಿದಾಗ ಕಣಿವೆಗಳು ಮುಳುಗಿದವು, ಗುಡ್ಡದ ಸಾಲುಗಳು ಉಳಿದವು. ಸಣ್ಣ ಬಂಡೆಗಳನ್ನೂ ಸೇರಿಸಿ ಎಣಿಸಿದರೆ ಆ ದೇಶಕ್ಕೆ 1,200ಕ್ಕೂ ಹೆಚ್ಚು ದ್ವೀಪಗಳು. ಜನ ಇರುವುದು ಸುಮಾರು 50ರಲ್ಲಿ ಮಾತ್ರ.

"ನಮ್ಮ ಘಟ್ಟದ ಬುಡಕ್ಕೆ ನೀರು ಬಿಟ್ಟ ಹಾಗಿದೆ ಮಾರಾಯ" ಅಂದ ಗೆಳೆಯ.

ಅಲ್ಲಿಂದ ಬಸ್ಸು. ಆಲಿವ್ ಮರಗಳು, ಹೊಲದಿಂದ ಹೆಕ್ಕಿ ಒಟ್ಟಿದ ಕಲ್ಲಿನ ರಾಶಿಗಳು. ಬೋಲ್ ಅನ್ನೋ ಊರಲ್ಲಿ ಇಳಿದು ಝ್ಲಾಟ್ನಿ ರಾಟ್‌ಗೆ ನಡೆದೆವು. ಸಮುದ್ರದೊಳಕ್ಕೆ ನಾಲಿಗೆ ಚಾಚಿದಂಥ ಬೀಚು ಅದು. ಗಾಳಿ, ಸೆಳೆತ ಬದಲಾದ ಹಾಗೆ ಅದರ ತುದಿಯೂ ಆ ಕಡೆ ಈ ಕಡೆ ತಿರುಗುತ್ತದೆ. ಫೋಟೋದಲ್ಲಿ ನೋಡಿ ಮರಳು ಅಂದುಕೊಂಡಿದ್ದೆ. ಎಲ್ಲಾ ಬೆಣಚುಕಲ್ಲು! ಸುತ್ತ ಜನ ರಬ್ಬರ್ ಶೂ ಹಾಕಿದ್ದರು. ನಾನು ಸುಮ್ನೆ ಶೋಕಿ ಅಂದುಕೊಂಡೆ.

ನೀರು ಮಾತ್ರ ಅದ್ಭುತ. ಕುತ್ತಿಗೆವರೆಗೆ ಇಳಿದರೂ ಕಾಲಿನ ಉಗುರು ಕಾಣುತ್ತಿತ್ತು. ಆ ಖುಷಿಯಲ್ಲೇ ಪಕ್ಕದ ಬಂಡೆ ಸಾಲಿಗೆ ಹೋಗಿ ಹೆಜ್ಜೆ ಇಟ್ಟೆ. ಸೂಜಿ ಡಬ್ಬಿ ತುಳಿದ ಹಾಗಾಯಿತು. ಹಿಮ್ಮಡಿಯಲ್ಲಿ ಏಳು ಕಪ್ಪು ಚುಕ್ಕೆ. ಕಡಲ ಮುಳ್ಳುಚೆಂಡು, ಅದೇ ಸೀ ಅರ್ಚಿನ್.

ಕುಂಟುತ್ತಾ ಬಂದವನನ್ನು ಪೈನ್ ಮರದಡಿ ಅಂಗಡಿ ಇಟ್ಟಿದ್ದ ಅಜ್ಜ ನೋಡಿದರು. ಏನೂ ಕೇಳಲಿಲ್ಲ. ಸಲಾಡ್‌ಗೆ ಇಟ್ಟಿದ್ದ ಆಲಿವ್ ಎಣ್ಣೆ ತಂದು ಹಿಮ್ಮಡಿಗೆ ಸುರಿದರು. ಬಸ್ಸಿಗೆ ಹೊತ್ತಾಯಿತು ಅಂತ ನಾನು ಗಡಿಯಾರ ತೋರಿಸಿದರೆ "ಪೊಮಾಲೊ" ಅಂದರು. ನಿಧಾನ, ಅವಸರ ಬೇಡ ಅಂತ. ಆ ಕರಾವಳಿಯ ನಿತ್ಯದ ಮಾತು. ಚರ್ಮ ಮೆತ್ತಗಾದ ಮೇಲೆ ಚಿಮಟದಲ್ಲಿ ಒಂದೊಂದೇ ಮುಳ್ಳು ಎಳೆದರು. ಐದು ಬಂತು, ಎರಡು ಮುರಿದು ಒಳಗೇ ಉಳಿಯಿತು. ಬಸ್ಸೂ ಹೋಯಿತು.

ಕಾಯುತ್ತಾ ಕೂತಾಗ ಕಣ್ಣಿಗೆ ಬಿದ್ದದ್ದು ಇನ್ನೊಂದು. ಕಟ್ಟೆಗೆ ಕಟ್ಟಿದ ದೋಣಿಗಳು ಬೆಳಿಗ್ಗೆ ಇದ್ದ ಎತ್ತರದಲ್ಲೇ ಇದ್ದವು. ನಮ್ಮ ಅಳಿವೆಯಲ್ಲಿ ಇಳಿತಕ್ಕೆ ದೋಣಿ ಕೆಸರಲ್ಲಿ ಕೂರುತ್ತದೆ ಅಲ್ವಾ? ಇಲ್ಲಿ ಬಂಡೆಯ ಮೇಲೆ ಒದ್ದೆ ಗುರುತು ಗೇಣಿಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಗೆಳೆಯನಿಗೆ ತೋರಿಸಿದೆ. ಅವನು ಐಸ್‌ಕ್ರೀಮ್ ತಿನ್ನುತ್ತಿದ್ದ.

ಸ್ಪ್ಲಿಟ್‌ಗೆ ಮರಳಿದವನೇ ರಬ್ಬರ್ ಶೂ ಕೊಂಡೆ. ಮಳೆಗಾಲದಲ್ಲಿ ಪಾಚಿ ಕಟ್ಟಿದ ಅಂಗಳ ಉಜ್ಜುವಾಗ ಈಗ ಅಮ್ಮ ಅದನ್ನು ಹಾಕಿಕೊಳ್ಳುತ್ತಾಳೆ.