ಕೆಳಗಿನಿಂದ ನೋಡಿದರೆ ಎಲ್ಲಾ ಕೊನೆಯೂ ಒಂದೇ ಥರ

ಇವತ್ತು ಅಡಿಕೆ ಕೊನೆ, ಅಂದರೆ ಗೊಂಚಲು, ತೆಗೆಸಿದೆವು. ಮರ ಹತ್ತಿ ಕೊನೆ ಕೊಯ್ಯುವ ಕೊನೆಗೌಡರು ಮರದ ತುದಿಯಲ್ಲಿ ಕೂತು, ಮರವನ್ನೇ ಉಯ್ಯಾಲೆ ಥರ ತೂಗಿಸಿ, ಪಕ್ಕದ ಮರ ಹಿಡಿದು ದಾಟಿಯೇಬಿಟ್ಟರು. ಕೆಳಗೆ ಹಗ್ಗ ಹಿಡಿದು ನಿಂತಿದ್ದ ನನಗೇ ಎದೆ ಝಲ್ ಅಂದಿತು.

ಒಂದು ಕೊನೆ ಹಾಗೇ ಬಿಟ್ಟರು. ಅದನ್ನೂ ತೆಗೀರಿ ಮಾರಾಯ್ರೆ ಅಂದೆ.

"ಅದಕ್ಕಿನ್ನೂ 15 ದಿನ ಬೇಕು, ತಮಾ."

ಬೇಗ ಕೊಯ್ದರೆ ಒಣಗಿದ ಮೇಲೆ ತೂಕ ಬರಲ್ಲ, ತಡವಾದರೆ ಹಣ್ಣಾಗಿ ಗೋಟು ಅನ್ನೋ ಕಡಿಮೆ ದರದ ಅಡಿಕೆ. ಹದಕ್ಕೆ ಕೊಯ್ದು ಮಾಡೋ ರಾಶಿ ಅಡಿಕೆಗೂ ಗೋಟಿಗೂ ದರದಲ್ಲಿ ಎಷ್ಟು ವ್ಯತ್ಯಾಸ ಅಂತ ಅಡಿಕೆ ಬೆಳೆಯೋರಿಗೆ ಹೇಳಬೇಕಾಗಿಲ್ಲ. ಅದನ್ನು ಅಷ್ಟು ಎತ್ತರದಲ್ಲಿ, ಒಂದು ಕೈಯಲ್ಲಿ ಕತ್ತಿ ಹಿಡಿದು, ಬರೀ ಕಣ್ಣಳತೆಯಲ್ಲಿ ತೀರ್ಮಾನ ಮಾಡೋದು ಅವರು. ನಮ್ಮ ಲೆಕ್ಕದ ಪುಸ್ತಕದಲ್ಲಿ ಮಾತ್ರ ಅದು 'ಕೂಲಿ', ಗೊಬ್ಬರದ ಲಾರಿ ಬಾಡಿಗೆಯ ಕೆಳಗಿನ ಸಾಲು.

ಕಳೆದ ವರ್ಷ ಕೂಲಿ ಜಾಸ್ತಿ ಆಯ್ತು ಅಂತ ಗೊಣಗಿದ್ದೂ ನಾನೇ. ಕೆಳಗೇ ನಿಂತು ಕೊನೆ ಕೊಯ್ಯೋ ಉದ್ದ ಕೋಲು, ಫೈಬರ್ ದೋಟಿ, ತಗೊಳ್ಳೋಣ ಅಂತ ಹೊರಟಿದ್ದೆ. ದೋಟಿ ಕೊನೆ ಇಳಿಸುತ್ತೆ ಸರಿ, ಯಾವ ಕೊನೆ ಅಂತ ಹೇಳಲ್ಲ ಅಲ್ವಾ!

ಕೊನೆಗೌಡರ ಮಗ ಬೆಂಗಳೂರಲ್ಲಿ ಡೆಲಿವರಿ ಕೆಲಸ ಮಾಡ್ತಾನಂತೆ. ಅವನಿಗೆ ಮರ ಹತ್ತೋದು ಕಲಿಸಲಿಲ್ವಾ ಅಂತ ಕೇಳಿದೆ. ಸುಮ್ನೆ ನಕ್ಕು ಎಲೆಅಡಿಕೆ ಕವಳ ಹಾಕಿದರು.