ಗುಡ್ಡ ಓಡಿ ಇಳಿದರೆ ಮೊಣಕಾಲು ಹೋಗಲ್ವಾ?

ಬೆಳಿಗ್ಗೆ ಗುಡ್ಡ ಓಡಿ ಬಂದು ಕಾರವಾರದ ಚಹಾ ಅಂಗಡಿಯಲ್ಲಿ ಕೂತರೆ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: "ಹತ್ತೋದು ಸರಿ, ಓಡ್ಕೊಂಡು ಇಳಿದ್ರೆ ಮೊಣಕಾಲು ಹೋಗಲ್ವಾ?" ಮನೆಯಲ್ಲಿ ಆಯಿಯದೂ ಇದೇ ಪ್ರಶ್ನೆ.

ಡಿಸೆಂಬರಿನ ಒಂದು ಭಾನುವಾರ ನಾವು ನಾಲ್ವರು ಗುಡ್ಡೆಹಳ್ಳಿ ಕಡೆ ಹೊರಟಿದ್ದೆವು. ಆ ದಿನವನ್ನೇ ಹೇಳುತ್ತೇನೆ.

ಮೊದಲನೆಯದಾಗಿ, ಕಡಿದಾದ ಏರನ್ನು ನಾವು ಓಡುವುದೇ ಇಲ್ಲ. ತೊಡೆಯ ಮೇಲೆ ಕೈ ಊರಿ ಜೋರಾಗಿ ನಡೆಯುತ್ತೇವೆ. ಉತ್ತರ ಇಂಗ್ಲೆಂಡಿನಲ್ಲಿ ಗುಡ್ಡಕ್ಕೆ ಫೆಲ್ ಎನ್ನುತ್ತಾರೆ, ಈ ಓಟಕ್ಕೆ ಫೆಲ್ ರನ್ನಿಂಗ್. 1932ರಲ್ಲಿ ಬಾಬ್ ಗ್ರಹಾಂ ಎಂಬವರು ಅಲ್ಲಿ 24 ಗಂಟೆಯೊಳಗೆ 42 ಶಿಖರ ಸುತ್ತಿ ಬಂದರು. ಇವತ್ತಿಗೂ ಆ ಸುತ್ತು ಹಾಕುವವರು ಕಡಿದಾದ ಏರುಗಳನ್ನು ನಡೆದೇ ಹತ್ತುತ್ತಾರೆ. ಓಟ ಇರುವುದು ಗುಡ್ಡದ ನೆತ್ತಿಯ ಏಣಿನ ಮೇಲೆ, ಮತ್ತೆ ಇಳಿಜಾರಿನಲ್ಲಿ.

ಮೇಲಿನಿಂದ ಕಾಳಿ ನದಿ ಸಮುದ್ರ ಸೇರುವುದು ಕಾಣುತ್ತಿತ್ತು. ಆಚೆ ದಡದಲ್ಲಿ ಸದಾಶಿವಗಡ, ನೀರಿನ ನಡುವೆ ಕೂರ್ಮಗಡ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ಆಮೇಲೆ ಇಳಿತ. ನಮ್ಮ ನೆಲ ಸುಲಭದ್ದಲ್ಲ. ಕೆಳಗೆ ಜಂಬಿಟ್ಟಿಗೆ ಕಲ್ಲು, ಅದರ ಮೇಲೆ ಉರುಳುವ ಹರಳು, ಅದನ್ನೂ ಮುಚ್ಚಿರುವ ಒಣ ಎಲೆ. ಶಿರಸಿಯ ಗೆಳೆಯ ಅದಕ್ಕೆ ದರಕು ಎನ್ನುತ್ತಾನೆ. ಮೊದಲ ವರ್ಷ ನಾನು ಹೆದರಿ ಹಿಂದಕ್ಕೆ ವಾಲುತ್ತಿದ್ದೆ. ಕಾಲನ್ನು ನೆಟ್ಟಗೆ ಮುಂದೆ ಚಾಚಿ ಹಿಮ್ಮಡಿ ಊರುತ್ತಿದ್ದೆ. ಪ್ರತಿ ಹೆಜ್ಜೆಯ ಪೆಟ್ಟೂ ನೇರ ಮೊಣಕಾಲಿಗೆ. ಒಮ್ಮೆ ಜಾರಿ ಬಿದ್ದು ಎರಡೂ ಅಂಗೈ ಕಿತ್ತುಹೋಯಿತು.

ಇಳಿಯುವುದನ್ನು ಕಲಿತದ್ದು ಅದೇ ಹಾದಿಯಲ್ಲಿ ತಲೆಹೊರೆ ಹೊತ್ತು ಬರುವ ಹಾಲಕ್ಕಿ ಸಮುದಾಯದ ಹೆಂಗಸರನ್ನು ನೋಡಿ. ಪುಟ್ಟ ಪುಟ್ಟ ಹೆಜ್ಜೆ. ಮೊಣಕಾಲು ಸ್ವಲ್ಪ ಬಾಗಿರುತ್ತದೆ. ಪಾದ ಮೈಯ ಕೆಳಗೇ ಬೀಳುತ್ತದೆ, ಕಣ್ಣು ಮಾತ್ರ ನಾಲ್ಕು ಹೆಜ್ಜೆ ಮುಂದೆ. ನಾವು ಅದನ್ನೇ ಬೇಗ ಬೇಗ ಮಾಡುತ್ತೇವೆ, ಅಷ್ಟೇ.

ಇಳಿಯುವಾಗ ಮೊಣಕಾಲಿಗೆ ಭಾರ ಜಾಸ್ತಿ, ಅದು ನಿಜ. ತೊಡೆಯ ಮುಂದಿನ ಸ್ನಾಯು ಬ್ರೇಕ್‌ನ ಕೆಲಸ ಮಾಡಬೇಕು, ಹಿಗ್ಗುತ್ತಲೇ ಬಿಗಿ ಹಿಡಿಯಬೇಕು. ಅದಕ್ಕೇ ಮೊದಲ ಸಲ ಇಳಿದವರು ಮಾರನೆಯ ದಿನ ಗೋಡೆ ಹಿಡಿದು ಮೆಟ್ಟಿಲು ಇಳಿಯುತ್ತಾರೆ. ಆದರೆ ಎರಡು ವಾರ ಬಿಟ್ಟು ಅದೇ ಗುಡ್ಡ ಇಳಿದು ನೋಡಿ, ನೋವು ಎಷ್ಟೋ ಕಡಿಮೆ ಇರುತ್ತದೆ. ಸ್ನಾಯು ಅಷ್ಟು ಬೇಗ ಕಲಿಯುತ್ತದೆ. ಹಾಗಾಗಿ ನನ್ನ ಉತ್ತರ ಇಷ್ಟು: ಸಣ್ಣ ಇಳಿಜಾರಿನಿಂದ ಶುರುಮಾಡಿ ತಿಂಗಳುಗಟ್ಟಲೆ ಅಭ್ಯಾಸ ಮಾಡಿದವರು ಓಡಿ ಇಳಿಯಬಹುದು. ಮೊದಲೇ ಮೊಣಕಾಲು ನೋವಿದ್ದರೆ ಡಾಕ್ಟರಿಗೆ ತೋರಿಸದೆ ಬರಬೇಡಿ. ಒಂದೇ ದಿನದ ಹುಮ್ಮಸ್ಸಿಗೆ ಬರುವವರನ್ನು ನಾವು ಕರೆದುಕೊಂಡು ಹೋಗುವುದಿಲ್ಲ.

ನಮ್ಮಲ್ಲಿ ಇಳಿಯುವಾಗ ನಿಧಾನದವರೇ ಮುಂದೆ. ಹಿಂದಿನಿಂದ ಯಾರೂ ಅವಸರ ಮಾಡುವ ಹಾಗಿಲ್ಲ. ಆ ಭಾನುವಾರ ಮುಂದೆ ಇದ್ದವಳು ಕುಮಟಾದ ಗೆಳತಿ, ಮಳೆಗಾಲ ಮುಗಿದ ಮೇಲೆ ನಮ್ಮ ಜೊತೆ ಸೇರಿದವಳು. ಹಿಂದಿನ ಸಲ ಪ್ರತಿ ತಿರುವಿನಲ್ಲೂ ಮರ ಹಿಡಿದು ನಿಂತಿದ್ದಳು. ಈ ಸಲ ಕೈ ಅಗಲಿಸಿ ದರಕು ಚಿಮ್ಮಿಸುತ್ತ ಇಳಿದಳು. ಕೆಳಗೆ ಬಂದು ಉಪ್ಪು ಹಾಕಿದ ಮುರುಗಲು ನೀರು ಗಟಗಟ ಕುಡಿದು, ಏದುಸಿರಿನಲ್ಲೇ ಕೇಳಿದಳು: "ಮುಂದಿನ ವಾರ ಎಲ್ಲಿ?"