ದರಕ್ಕೆ ಹ್ಯಾಶ್ ಹಾಕಿದ ಮಾತ್ರಕ್ಕೆ ಗುಟ್ಟು ಉಳಿಯುವುದಿಲ್ಲ

ಕೋಲಾರದ ಎಪಿಎಂಸಿಯಲ್ಲಿ ಟೊಮೆಟೊ ಹರಾಜು 15 ಕೆ.ಜಿ. ಬಾಕ್ಸ್ ಲೆಕ್ಕದಲ್ಲಿ, ಎಲ್ಲರೆದುರೇ ನಡೆಯುತ್ತದೆ. ಆ ದರ ಗುಟ್ಟಲ್ಲ. ಆದರೆ ಮಂಡಿಯವರು ಹೊರರಾಜ್ಯದ ವ್ಯಾಪಾರಿಗೆ ಲೋಡ್ ಕಳಿಸುವಾಗ ಒಪ್ಪಿಕೊಂಡ ದರ ಪಕ್ಕದ ಮಂಡಿಗೆ ತಿಳಿಯಬಾರದು. ಇಂಥ ವಹಿವಾಟಿಗೆ, ಗುರುತಿರುವ ಸಂಸ್ಥೆಗಳು ಮಾತ್ರ ಸೇರುವ ಬ್ಲಾಕ್‌ಚೈನ್ ತಂತ್ರಾಂಶವಾದ ಹೈಪರ್‌ಲೆಡ್ಜರ್ ಫ್ಯಾಬ್ರಿಕ್ ಮೇಲೆ ನೆಟ್‌ವರ್ಕ್ ಕಟ್ಟುವಾಗ ಗೌಪ್ಯತೆ, ವೇಗ, ಬೇರೆ ನೆಟ್‌ವರ್ಕ್ ಜೊತೆಗಿನ ಕೊಂಡಿ, ಈ ಮೂರನ್ನೂ ಬೇರೆ ಬೇರೆ ತಂಡಕ್ಕೆ ಹಂಚಬೇಡಿ. ಒಂದು ಕಡೆ ಮುಚ್ಚಿದ್ದು ಇನ್ನೊಂದು ಕಡೆ ಸೋರುತ್ತದೆ.

ದರ ಮುಚ್ಚಿಡಲು ಫ್ಯಾಬ್ರಿಕ್‌ನಲ್ಲಿ ಪ್ರೈವೇಟ್ ಡೇಟಾ ಕಲೆಕ್ಷನ್ ಇದೆ, 2018ರ 1.2 ಆವೃತ್ತಿಯಲ್ಲಿ ಬಂದದ್ದು. ಅಸಲು ದರ ಸಂಬಂಧಪಟ್ಟವರ ಪೀರ್‌ಗಳಲ್ಲಿ (ನೆಟ್‌ವರ್ಕ್‌ನ ಕಂಪ್ಯೂಟರ್‌ಗಳಲ್ಲಿ) ಮಾತ್ರ ಇರುತ್ತದೆ, ಮಿಕ್ಕವರಿಗೆ ಸಿಗುವುದು ಹ್ಯಾಶ್, ಅಂದರೆ ದಾಖಲೆಯಿಂದ ಲೆಕ್ಕ ಹಾಕಿದ, ನೇರವಾಗಿ ಹಿಂದಕ್ಕೆ ತಿರುಗಿಸಲಾಗದ ಗುರುತು. ದರವನ್ನು ಚೈನ್‌ಕೋಡ್‌ಗೆ (ವಹಿವಾಟಿನ ನಿಯಮ ನಡೆಸುವ ಪ್ರೋಗ್ರಾಮ್‌ಗೆ) ಸಾಮಾನ್ಯ ಆರ್ಗ್ಯುಮೆಂಟ್ ಆಗಿ ಕೊಟ್ಟರೆ ಅದು ಬ್ಲಾಕ್‌ನೊಳಗೇ (ವಹಿವಾಟುಗಳ ಕಂತೆಯೊಳಗೇ) ಸೇರಿ, ಒಂದೇ ದಾಖಲೆ ಪುಸ್ತಕ ಹಂಚಿಕೊಂಡ ಚಾನೆಲ್‌ನವರಿಗೆಲ್ಲ ಹೋಗುತ್ತದೆ. ಬ್ಲಾಕ್‌ಗೆ ಸೇರದ 'ಟ್ರಾನ್ಸಿಯೆಂಟ್' ಮೂಲಕವೇ ಕೊಡಬೇಕು. ಅದಕ್ಕಿಂತ ಅಪಾಯ ಹ್ಯಾಶ್‌ನಲ್ಲಿದೆ. ಬಾಕ್ಸ್ ದರ 100ರಿಂದ 2000 ರೂಪಾಯಿ ಒಳಗೆ ಅಂದುಕೊಳ್ಳಿ. ಪೂರ್ಣಾಂಕಗಳು ಬರೀ 1901. ಒಂದೊಂದಕ್ಕೂ ಎಸ್‌ಎಚ್‌ಎ-256 (ಹ್ಯಾಶ್ ಮಾಡುವ ಸೂತ್ರ) ಹಾಕಿ ಹೋಲಿಸಲು ಸಾದಾ ಲ್ಯಾಪ್‌ಟಾಪ್‌ಗೆ ಒಂದು ಸೆಕೆಂಡೂ ಬೇಡ. ಆದ್ದರಿಂದ ಪ್ರತಿ ಲಾಟ್‌ಗೂ ಹೊಸದೊಂದು 32 ಬೈಟ್ ರ‍್ಯಾಂಡಮ್ ಸಾಲ್ಟ್ (ಊಹಿಸಲಾಗದ ಸಂಖ್ಯೆ) ಬೆರೆಸಿ ಖಾಸಗಿ ದಾಖಲೆಯಲ್ಲಿ ಇಡಿ. ಸಾಲ್ಟ್ ಕ್ಲೈಂಟ್ (ಬಳಕೆದಾರರ ಆ್ಯಪ್) ಕಡೆಯಿಂದಲೇ ಬರಬೇಕು. ಚೈನ್‌ಕೋಡ್ ಒಳಗೆ ಹುಟ್ಟಿಸಿದರೆ ಒಂದೊಂದು ಪೀರ್ ಒಂದೊಂದು ಹ್ಯಾಶ್ ಕೊಡುತ್ತದೆ, ಎಂಡಾರ್ಸ್‌ಮೆಂಟ್ (ಪೀರ್‌ಗಳು ಸಹಿ ಹಾಕಿ ಕೊಡುವ ಒಪ್ಪಿಗೆ) ತಾಳೆಯಾಗುವುದಿಲ್ಲ.

ಖಾಸಗಿ ದಾಖಲೆ ಎಷ್ಟು ಕಾಲ ಉಳಿಯಬೇಕೆಂದು ಹೇಳುವ 'ಬ್ಲಾಕ್ ಟು ಲಿವ್' ಎಣಿಸುವುದು ದಿನಗಳನ್ನಲ್ಲ, ಬ್ಲಾಕ್‌ಗಳನ್ನು. ಸುಗ್ಗಿಯಲ್ಲಿ ಬ್ಲಾಕ್‌ಗಳು ಬೇಗ ಬೇಗ ತುಂಬುತ್ತವೆ, ವ್ಯಾಜ್ಯ ಬಗೆಹರಿಯುವ ಮೊದಲೇ ದರದ ದಾಖಲೆ ಅಳಿದಿರುತ್ತದೆ. ಲೆಕ್ಕ ಹಾಕುವಾಗ ವರ್ಷದ ಅತಿ ಬಿರುಸಿನ ವಾರವನ್ನೇ ಹಿಡಿಯಿರಿ.

ವೇಗದ ವಿಚಾರಕ್ಕೆ ಬಂದರೆ, ನಿಧಾನಕ್ಕೆ ಸರ್ವರ್ ಕಾರಣ ಅನ್ನುವವರೇ ಹೆಚ್ಚು. ಮೊದಲು ಕೀ (ದಾಖಲೆಯನ್ನು ಗುರುತಿಸುವ ಹೆಸರು) ವಿನ್ಯಾಸ ನೋಡಿ. 'ಮಂಡಿಯ ಇಂದಿನ ಒಟ್ಟು ಬಾಕ್ಸ್' ಎಂಬ ಒಂದೇ ಕೀ ಇಟ್ಟು ಪ್ರತಿ ಲಾಟ್‌ಗೂ ಅದನ್ನು ತಿದ್ದಿದರೆ, ಒಂದೇ ಬ್ಲಾಕ್‌ಗೆ ಬಿದ್ದ ತಿದ್ದುಪಡಿಗಳಲ್ಲಿ ಮೊದಲನೆಯದು ಮಾತ್ರ ನಿಲ್ಲುತ್ತದೆ. ಉಳಿದವು ಎಂವಿಸಿಸಿ ರೀಡ್ ಕಾನ್‌ಫ್ಲಿಕ್ಟ್ (ಓದಿದ ಮೌಲ್ಯ ಅಷ್ಟರಲ್ಲೇ ಬದಲಾಗಿದೆ ಎಂಬ ದೋಷ) ಆಗಿ ಅಸಿಂಧು. ಅವೂ ಬ್ಲಾಕ್‌ನಲ್ಲಿ ಕೂತಿರುವುದರಿಂದ, ಕಮಿಟ್ ಸ್ಟೇಟಸ್ (ವಹಿವಾಟು ಊರ್ಜಿತವಾಯಿತೇ ಎಂಬ ಉತ್ತರ) ಕೇಳದ ಆ್ಯಪ್ 'ಆಯಿತು' ಅಂತಲೇ ತೋರಿಸುತ್ತದೆ. ಲಾಟ್‌ಗೊಂದು ಕೀ ಕೊಟ್ಟು, ಒಟ್ಟನ್ನು ಆಮೇಲೆ ಕೂಡಿಕೊಳ್ಳಿ.

ಹಣ ಇನ್ನೊಂದು ನೆಟ್‌ವರ್ಕ್‌ನಲ್ಲಿದ್ದರೆ ಹ್ಯಾಶ್ ಟೈಮ್‌ಲಾಕ್ ಬಳಸಬಹುದು: ಎರಡೂ ಕಡೆ ಒಂದೇ ಗುಟ್ಟಿನ ಸಂಖ್ಯೆಯ ಹ್ಯಾಶ್‌ನಿಂದ ಬೀಗ, ಆ ಸಂಖ್ಯೆ ತೋರಿಸಿದರೆ ಬೀಗ ತೆರೆಯುತ್ತದೆ, ಅವಧಿ ಮುಗಿದರೆ ಇಟ್ಟವರಿಗೇ ವಾಪಸ್. ಗುಟ್ಟಿನ ಸಂಖ್ಯೆ ವ್ಯಾಪಾರಿಯದು ಅಂದುಕೊಳ್ಳಿ: ಅವರು ಹಣವನ್ನು 24 ಗಂಟೆಗೆ ಬೀಗ ಹಾಕಲಿ, ಮಂಡಿಯವರು ಸರಕಿನ ಹಕ್ಕನ್ನು 12 ಗಂಟೆಗೆ. ಸರಕು ಬಿಡಿಸಿಕೊಳ್ಳಲು ವ್ಯಾಪಾರಿ ಗುಟ್ಟು ಬಿಚ್ಚಲೇಬೇಕು, ಅದೇ ಗುಟ್ಟಿನಿಂದ ಮಂಡಿಯವರು ಹಣ ತೆಗೆಯುತ್ತಾರೆ. ಅವಧಿ ಅದಲುಬದಲಾದರೆ ವ್ಯಾಪಾರಿ ತನ್ನ ಹಣ ವಾಪಸ್ ಪಡೆದು, ಆಮೇಲೆ ಸರಕನ್ನೂ ಎತ್ತಿಕೊಳ್ಳಬಹುದು. ಹಾಗಂತ ನೆಟ್‌ವರ್ಕ್‌ಗಳ ನಡುವೆ ಹಣ ದಾಟಿಸಲು ಕೆಲವರು ಸಹಿ ಹಾಕುವ ಸೇತುವೆಯನ್ನೇ ನಂಬಿ ಕೂರುವುದೂ ಕ್ಷೇಮವಲ್ಲ: 2022ರ ಮಾರ್ಚ್‌ನಲ್ಲಿ ರೋನಿನ್ ಎಂಬ ಕ್ರಿಪ್ಟೊ ಸೇತುವೆಯಿಂದ 60 ಕೋಟಿ ಡಾಲರ್‌ಗೂ ಹೆಚ್ಚು ಕಳುವಾದದ್ದು ವ್ಯಾಲಿಡೇಟರ್‌ಗಳ (ವಹಿವಾಟಿಗೆ ಒಪ್ಪಿಗೆ ಕೊಡುವವರ) 9 ಸಹಿ ಕೀಗಳಲ್ಲಿ 5 ಕಳ್ಳರ ಕೈ ಸೇರಿದ್ದರಿಂದ.

ಇಷ್ಟಾದರೂ ದರ ಸೋರಬಹುದು. ಎರಡೂ ಲೆಡ್ಜರ್‌ಗಳಲ್ಲಿ (ನೆಟ್‌ವರ್ಕ್‌ಗಳ ದಾಖಲೆ ಪುಸ್ತಕಗಳಲ್ಲಿ) ಆ ಗುಟ್ಟಿನ ಒಂದೇ ಹ್ಯಾಶ್ ಕಾಣುತ್ತದೆ, ಯಾವ ಹಣ ಯಾವ ಸರಕಿಗೆ ಎಂದು ಜೋಡಿಸಬಹುದು. ಹಣದ ಮೊತ್ತ ಅತ್ತ ಬಯಲು, ಬಾಕ್ಸ್ ಸಂಖ್ಯೆ ಇತ್ತ ಬಯಲು. ಭಾಗಿಸಿದರೆ ದರ ಕೈಗೆ ಬಂತು. ಬಾಕ್ಸ್ ಸಂಖ್ಯೆಯನ್ನೂ ಖಾಸಗಿ ಕಲೆಕ್ಷನ್‌ಗೆ ಸೇರಿಸಿ. ಅದಾಗದಿದ್ದರೆ ಬೇರೆ ಬೇರೆ ದರದ ಲಾಟ್‌ಗಳನ್ನು ಕೂಡಿಸಿ ದಿನಕ್ಕೊಂದೇ ಪಾವತಿ ಮಾಡಿ. ಆಗ ಸಿಗುವುದು ಸರಾಸರಿ ಮಾತ್ರ. ಅಂದು ಒಂದೇ ಲಾಟ್ ಇದ್ದರೆ ಮರುದಿನದ ಪಾವತಿಗೆ ಸೇರಿಸಿ.